ಹುಚ್ಚಾಸ್ಪತ್ರೆ, ಕಾಲೋನಿ, ಜೈಲು: ನಶೆಗೆ ಬಿದ್ದವನ ನೂರೈವತ್ತು ವರ್ಷ

ನಮ್ಮ ಆರ್‌ಪಿಸಿ ಲೇಔಟ್ ಬೆಂಗಳೂರಿನ ಪಡುವಣ ದಿಕ್ಕಿಗೆ, ವಿಜಯನಗರಕ್ಕೆ ಅಂಟಿಕೊಂಡಿರುವ ಬಡಾವಣೆ. ಹಂಪಿನಗರ ಅಂತಲೂ ಕರೀತಾರೆ. ಇಲ್ಲಿನ ಲೈಬ್ರರಿಯಲ್ಲಿ ರಾಯಚೂರು, ಯಾದಗಿರಿ, ಚಾಮರಾಜನಗರದ ಕಡೆಯಿಂದ ಬಂದ ಹುಡುಗ ಹುಡುಗಿಯರು ಬೆಳಗಿನಿಂದ ಸಂಜೆ ತನಕ ಸರ್ಕಾರಿ ಪರೀಕ್ಷೆಗೆ ಓದ್ತಾ ಕೂತಿರುತ್ತಾರೆ. ಅವರು ಉರು ಹೊಡೆಯುವ ಗೈಡುಗಳಲ್ಲಿ ಒಂದು ಸಾಲು ಇರುತ್ತದೆ: ಮಾದಕ ವಸ್ತುಗಳ ಕಾಯಿದೆ ಬಂದ ವರ್ಷ 1985. ಇಷ್ಟೇ. ಒಂದು ಮಾರ್ಕಿನ ಪ್ರಶ್ನೆ. ಆ ಒಂದು ಮಾರ್ಕಿನ ಹಿಂದೆ ಎಷ್ಟು ಜನರ ಬದುಕು ಹೂತುಹೋಗಿದೆ, ಹೂತವರು ಯಾವ ಕೇರಿಯವರು, ಯಾವ ಸ್ಲಮ್ಮಿನವರು ಅನ್ನೋದನ್ನ ಯಾವ ಗೈಡೂ ಹೇಳುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇವೆ.

ಪ್ರಶ್ನೆ ಸರಳವಾದದ್ದು. ಒಬ್ಬ ಮನುಷ್ಯ ಕುಡಿತಕ್ಕೋ ಗಾಂಜಾಕ್ಕೋ ಪುಡಿಗೋ ಬಿದ್ದು, ಅದರಿಂದ ಪೊಲೀಸರ ಕೈಗೆ ಸಿಕ್ಕಿದರೆ ಅವನನ್ನು ಈ ವ್ಯವಸ್ಥೆ ಏನಂತ ಕರೆಯುತ್ತದೆ? ಚರಿತ್ರೆ ತೆಗೆದು ನೋಡಿದರೆ ಅವನನ್ನು ಮೊದಲು ಹುಚ್ಚ ಅಂತ ಕರೆದರು. ಆಮೇಲೆ ಕಳ್ಳಜಾತಿಯವನು ಅಂದರು. ಆಮೇಲೆ ಭಿಕ್ಷುಕ. ಆಮೇಲೆ ಆರೋಪಿ. ರೋಗಿ ಅಂತ ಕರೆಯುವುದಕ್ಕೆ ಮಾತ್ರ ಬಾಯಿ ಬರಲಿಲ್ಲ. ಕಾಗದದ ಮೇಲೆ ಆ ಪದ ಬಂದಮೇಲೂ ಠಾಣೆಯ ಬಾಗಿಲಿಗೆ ಅದು ಇನ್ನೂ ಬಂದು ಮುಟ್ಟಿಲ್ಲ.

ಹುಚ್ಚನಿಂದಲೇ ಶುರು ಮಾಡೋಣ. ಬೆಂಗಳೂರಿನಲ್ಲಿ ಹುಚ್ಚಾಸ್ಪತ್ರೆ ಶುರುವಾದದ್ದು 1840ರ ದಶಕದ ಕೊನೆಗೆ. ಶುರು ಮಾಡಿದವರು ಡಾ. ಚಾರ್ಲ್ಸ್ ಇರ್ವಿಂಗ್ ಸ್ಮಿತ್ ಎಂಬ ಬ್ರಿಟಿಷ್ ವೈದ್ಯರು. ಅದೇ ಕಾಲಕ್ಕೆ ಧಾರವಾಡದ ಕಡೆಯೂ ಅಂಥದೊಂದು ಆಸ್ಪತ್ರೆ ಬಂತು. ಆ ಕಾಲದ ಹುಚ್ಚಾಸ್ಪತ್ರೆಗೆ ಜನ ತಾವಾಗಿ ಬರುತ್ತಿದ್ದದ್ದು ಕಡಿಮೆ. ಬೀದಿಯಲ್ಲಿ ಅಲೆಯುವವರನ್ನು ಪೊಲೀಸರು ಹಿಡಿದು ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿ, ಅಲ್ಲಿಂದ ಚೀಟಿ ಬರೆಸಿ ತಂದು ಬಿಡುತ್ತಿದ್ದರು. ಆ ಚೀಟಿಯಲ್ಲಿ ಹುಚ್ಚಿಗೆ ಕಾರಣ ಏನು ಅಂತ ಒಂದು ಕಾಲಂ ಇರುತ್ತಿತ್ತು. ಖಾಲಿ ಬಿಟ್ಟರೆ ಮೇಲಿನವರು ಕೇಳುತ್ತಾರೆ. ಹಿಡಿದವನ ಊರು ಗೊತ್ತಿಲ್ಲ, ತಾಯಿತಂದೆ ಗೊತ್ತಿಲ್ಲ. ಏನು ಬರೆಯೋದು? ಗಾಂಜಾ ಅಂತ ಬರೆದರೆ ಮುಗೀತು. ಫಕೀರನಾದರೆ ಗಾಂಜಾ, ಬೈರಾಗಿಯಾದರೆ ಗಾಂಜಾ, ಹರಕು ಬಟ್ಟೆಯ ಕೂಲಿಯಾದರೂ ಗಾಂಜಾ. ಪೊಲೀಸಪ್ಪ ಬರೆದದ್ದನ್ನೇ ಡಾಕ್ಟರು ತಮ್ಮ ರಿಜಿಸ್ಟರಿಗೆ ಇಳಿಸಿಕೊಂಡರು. ರಿಜಿಸ್ಟರಿನ ಲೆಕ್ಕ ವರ್ಷದ ವರದಿಯಾಯಿತು, ವರದಿ ಲಂಡನ್ನಿಗೆ ಹೋಗಿ ಗಾಂಜಾ ಸೇದಿದವರೆಲ್ಲ ಹುಚ್ಚರಾಗ್ತಾರೆ ಅನ್ನುವ ವಿಜ್ಞಾನವಾಯಿತು.

ಇದು ನಮ್ಮ ಊಹೆಯ ಮಾತಲ್ಲ. ಬ್ರಿಟಿಷ್ ಸರ್ಕಾರವೇ 1893ರಲ್ಲಿ ಇಂಡಿಯನ್ ಹೆಂಪ್ ಡ್ರಗ್ಸ್ ಕಮಿಷನ್ ಅಂತ ಒಂದು ಆಯೋಗ ನೇಮಿಸಿತು. ಅದು 1193 ಸಾಕ್ಷಿಗಳನ್ನು ಕೇಳಿ 1894ರಲ್ಲಿ ವರದಿ ಕೊಟ್ಟಿತು. 1892ರಲ್ಲಿ ಬ್ರಿಟಿಷ್ ಇಂಡಿಯಾದ ಹುಚ್ಚಾಸ್ಪತ್ರೆಗಳಿಗೆ ಸೇರಿದವರಲ್ಲಿ 222 ಜನರ ಹುಚ್ಚಿಗೆ ಗಾಂಜಾ, ಭಂಗಿ, ಚರಸ್ ಕಾರಣ ಅಂತ ಬರೆದಿದ್ದರು. ಆಯೋಗ ಒಂದೊಂದೇ ಕೇಸನ್ನು ಊರಿಗೆ ಹೋಗಿ ವಿಚಾರಿಸಿದಾಗ ಉಳಿದದ್ದು 98. ಅದರಲ್ಲೂ ಬೇರೆ ಕಾರಣಗಳೂ ಬೆರೆತಿದ್ದ ಕೇಸುಗಳನ್ನು ತೆಗೆದರೆ 61. ಅರ್ಧಕ್ಕಿಂತ ಹೆಚ್ಚು ಜನರ ರೋಗವನ್ನು ನಿರ್ಧರಿಸಿದ್ದು ಪೊಲೀಸಿನ ಲೇಖನಿ ಅಂತ ಆಯಿತಲ್ಲ! ಪೂರ್ತಿ ನಿಷೇಧ ಬೇಡ, ತೆರಿಗೆ ಹಾಕಿ ಹತೋಟಿಯಲ್ಲಿಡಿ ಅಂತ ಆಯೋಗ ಹೇಳಿತು. ಅದನ್ನು ನಾವು ಪುಣ್ಯಕಾರ್ಯ ಅಂತ ಹೊಗಳಬೇಕಾಗಿಲ್ಲ. ಸಾಮ್ರಾಜ್ಯಕ್ಕೆ ಗಾಂಜಾ, ಅಫೀಮು ಎರಡೂ ಆದಾಯವೇ ಆಗಿದ್ದವು. ಆದರೆ ಠಾಣೆಯಲ್ಲಿ ತುಂಬಿದ ಕಾಲಂ ಆಸ್ಪತ್ರೆಯ ರೋಗನಿದಾನವಾಗುವ ಈ ಪದ್ಧತಿ ಅಲ್ಲಿಗೆ ನಿಲ್ಲಲಿಲ್ಲ ಅನ್ನೋದನ್ನ ಓದುಗರು ನೆನಪಿಟ್ಟುಕೊಳ್ಳಬೇಕು.

ಇಲ್ಲೊಂದು ಮಾತು. ನಮ್ಮ ನಾಡಿನಲ್ಲಿ ಗಾಂಜಾ ಬಂದದ್ದು ಸಿನಿಮಾದಿಂದಲೂ ಅಲ್ಲ, ಗೋವಾದಿಂದಲೂ ಅಲ್ಲ. ಆರೂಢರು, ಅವಧೂತರು, ತತ್ವಪದದ ಸಾಧುಗಳು ಚಿಲುಮೆ ಹಿಡಿದು ಕೂತ ಪರಂಪರೆ ಉತ್ತರ ಕರ್ನಾಟಕದಲ್ಲಿ ಹಳೆಯದು. ಸುರಪುರದ ಹತ್ತಿರದ ತಿಂಥಣಿ ಮೌನೇಶ್ವರನ ಜಾತ್ರೆಯಲ್ಲಿ ಅದನ್ನು ಪ್ರಸಾದದ ಹಾಗೆ ಹಂಚುತ್ತಿದ್ದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಅಲ್ಲಿ ಜಾತಿ ಕೇಳದೆ ಚಿಲುಮೆ ಕೈಯಿಂದ ಕೈಗೆ ದಾಟುತ್ತಿತ್ತು. ಇದನ್ನು ಹೇಳಿದ್ದು ಸೇದಿ ಅಂತಲ್ಲ. ಒಂದು ವಸ್ತುವಿಗೆ ಜನರೇ ಇಟ್ಟುಕೊಂಡಿದ್ದ ಕಟ್ಟುಪಾಡು, ಕಾಲ, ಜಾಗ ಎಲ್ಲ ಹೋಗಿ, ಕತ್ತಲ ಮೂಲೆಯಲ್ಲಿ ಹೆದರಿಕೊಂಡು ಸೇದುವ ಹುಡುಗ ಮಾತ್ರ ಉಳಿದಿದ್ದಾನೆ.

ಎರಡನೆಯ ಹೆಸರಿಗೆ ಬರೋಣ. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆ. ಹುಟ್ಟಿನಿಂದಲೇ ಕಳ್ಳರು ಅಂತ ಇಡೀ ಇಡೀ ಸಮುದಾಯಗಳನ್ನು ರಿಜಿಸ್ಟರು ಮಾಡಿದ ಕಾಯಿದೆ ಇದು. ಮುಂಬಯಿ ಕರ್ನಾಟಕದಲ್ಲಿ ಬಿಜಾಪುರ, ಗದಗ, ಹುಬ್ಬಳ್ಳಿಗಳಲ್ಲಿ ಸೆಟಲ್‌ಮೆಂಟುಗಳು ಎದ್ದವು. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ ಅದರ ಮುಖ್ಯಸ್ಥ. ಗಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರು, ಕೊರಚರು ತಂತಿಬೇಲಿಯೊಳಗೆ ಹಾಜರಿ ಹಾಕಿ, ಗಿರಣಿಗೆ ಕೆಲಸಕ್ಕೆ ಹೋಗಿ, ಸಂಜೆ ಮತ್ತೆ ಹಾಜರಿ ಹಾಕಬೇಕಿತ್ತು. ಇದಕ್ಕೆ ಸುಧಾರಣೆ ಅಂತ ಹೆಸರು. ಈ ಜನ ಕುಡಿಯುತ್ತಾರೆ, ಕುಡಿಸುತ್ತಾರೆ, ಕಳ್ಳಬಟ್ಟಿ ಕಾಯಿಸುತ್ತಾರೆ ಅನ್ನೋದು ಅವರ ಹುಟ್ಟುಗುಣ ಅಂತ ಸರ್ಕಾರದ ಪುಸ್ತಕಗಳಲ್ಲಿ ಅಚ್ಚಾಯಿತು. ಲಂಬಾಣಿ ತಾಂಡಾಗಳಿಗೂ ಅದೇ ಮುದ್ರೆ. ಉಪ್ಪು, ದವಸ ಹೇರಿಕೊಂಡು ದೇಶ ತಿರುಗುತ್ತಿದ್ದ ಜನರ ಎತ್ತಿನ ವ್ಯಾಪಾರವನ್ನು ರೈಲು ನುಂಗಿದ ಮೇಲೆ ಅವರು ಏನು ಮಾಡಬೇಕಿತ್ತು ಅಂತ ಯಾರೂ ಕೇಳಲಿಲ್ಲ.

1952ರಲ್ಲಿ ಆ ಕಾಯಿದೆ ರದ್ದಾಯಿತು. ಹೋಯಿತು ಅಂದುಕೊಂಡರೆ, ರೂಢಿಗತ ಅಪರಾಧಿಗಳ ಕಾಯಿದೆ ಅನ್ನುವ ಹೆಸರಿನಲ್ಲಿ ಹಿಂದಿನ ಬಾಗಿಲಿಂದ ಬಂತು. ನಮ್ಮ ರಾಜ್ಯದ್ದು 1961ರದು. ಜೈಲು ಕೈಪಿಡಿಗಳಲ್ಲಿ ಯಾವ ಜಾತಿಯವನು ಅಡುಗೆ ಮಾಡಬೇಕು, ಯಾವ ಜಾತಿಯವನು ಕಕ್ಕಸು ಬಳಿಯಬೇಕು ಅನ್ನುವ ನಿಯಮಗಳು ದೇಶದ ಹಲವು ರಾಜ್ಯಗಳಲ್ಲಿ 21ನೇ ಶತಮಾನಕ್ಕೂ ಬಂದವು. ಪತ್ರಕರ್ತೆ ಸುಕನ್ಯಾ ಶಾಂತಾ ಅವರು ಹಾಕಿದ ಅರ್ಜಿಯಲ್ಲಿ ಸುಪ್ರೀಂ ಕೋರ್ಟು ಇವನ್ನು ಸಂವಿಧಾನಬಾಹಿರ ಅಂತ ಕಿತ್ತುಹಾಕಿದ್ದು 2024ರ ಅಕ್ಟೋಬರ್ 3ರಂದು. ಸಂವಿಧಾನ ಬಂದು 74 ವರ್ಷ ಆದಮೇಲೆ! ನಶೆಗೂ ಇದಕ್ಕೂ ಏನು ಸಂಬಂಧ ಅಂತ ಕೇಳುವ ಗೆಳೆಯರು ಸ್ವಲ್ಪ ತಾಳಬೇಕು. ಕಾಯಿದೆಯ 39ನೇ ಕಲಮಿಗೆ ಬಂದಾಗ ಇದೇ ಮಾತು ಮತ್ತೆ ಎದುರಾಗುತ್ತದೆ.

*

ಮೂರನೆಯ ಹೆಸರು ನಮ್ಮ ಮನೆ ಹತ್ತಿರದ್ದು. ಆರ್‌ಪಿಸಿ ಲೇಔಟಿನಿಂದ ಮಾಗಡಿ ರಸ್ತೆ ಹಿಡಿದು ಪಡುವಲಿಗೆ ಹೋದರೆ ಸುಮನಹಳ್ಳಿಯ ಹತ್ತಿರ ಒಂದು ದೊಡ್ಡ ಕಾಂಪೌಂಡು ಸಿಗುತ್ತದೆ. ಸರ್ಕಾರಿ ಹೆಸರು ನಿರಾಶ್ರಿತರ ಪರಿಹಾರ ಕೇಂದ್ರ. ಜನ ಕರೆಯುವುದು ಬೆಗ್ಗರ್ಸ್ ಕಾಲೋನಿ. ಮೈಸೂರು ಸಂಸ್ಥಾನದ 1944ರ ಭಿಕ್ಷಾಟನೆ ನಿಷೇಧ ಕಾಯಿದೆಯ ಬೆನ್ನಿಗೆ ಹುಟ್ಟಿದ್ದು. ಈಗ ನಡೆಯುತ್ತಿರುವುದು 1975ರ ಕರ್ನಾಟಕ ಕಾಯಿದೆಯ ಕೆಳಗೆ. ಆಸ್ತಿ ತೆರಿಗೆ ಕಟ್ಟುವ ಪ್ರತಿಯೊಬ್ಬರೂ ಶೇಕಡ 3 ಭಿಕ್ಷುಕರ ಕರ ಅಂತ ಕಟ್ಟುತ್ತಾರೆ. ಆರ್‌ಪಿಸಿ ಲೇಔಟಿನ ಮನೆ ಮಾಲೀಕರೂ ಕಟ್ಟುತ್ತಾರೆ. ರಸೀದಿ ನೋಡಿಕೊಳ್ಳಿ.

ಈ ಕಾಯಿದೆಯಲ್ಲಿ ವಾರಂಟಿಲ್ಲದೆ ಹಿಡಿಯಬಹುದು. ಮ್ಯಾಜಿಸ್ಟ್ರೇಟರು ವಿಚಾರಣೆ ಮಾಡಿ ಒಂದು ವರ್ಷದಿಂದ ಮೂರು ವರ್ಷದ ತನಕ ಒಳಗೆ ಇಡಬಹುದು. ರಾತ್ರಿ ಬಸ್‌ಸ್ಟ್ಯಾಂಡಿನಲ್ಲಿ, ಮಾರ್ಕೆಟ್ಟಿನ ಕಟ್ಟೆಯ ಮೇಲೆ ಕುಡಿದು ಬಿದ್ದ ಕೂಲಿಯವನು, ಸಲ್ಯೂಷನ್ ಮೂಸಿ ಮಂಪರು ಹತ್ತಿದ ಚಿಂದಿ ಆಯುವವನು, ಕೆಲಸ ಕಳಕೊಂಡು ಕುಡಿತಕ್ಕೆ ಬಿದ್ದು ಮನೆಯಿಂದ ಹೊರಬಿದ್ದವನು, ಇವರೆಲ್ಲ ಗಾಡಿಗೆ ಸಿಕ್ಕಿದರೆ ಕಾಗದದ ಮೇಲೆ ಭಿಕ್ಷುಕರೇ. ಬೇಡಿದನೋ ಇಲ್ಲವೋ ನೋಡುವವರಾರು? ಹರಕು ಅಂಗಿಯೇ ಸಾಕ್ಷಿ. ಮತ್ತೆ ಅದೇ ಕಾಲಂ ತುಂಬುವ ಕಥೆ.

ಕುಡಿತಕ್ಕೆ ಬಿದ್ದ ಮೈಗೆ ಏಕಾಏಕಿ ಕುಡಿತ ನಿಂತರೆ ಏನಾಗುತ್ತದೆ ಅನ್ನೋದು ನಮ್ಮ ಶಾಲಾ ಮೇಷ್ಟ್ರುಗಳಿಗೂ, ಸಂಘಟನೆಯ ಗೆಳೆಯರಿಗೂ ಗೊತ್ತಿರಬೇಕು. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇವೆ. ವರ್ಷಗಟ್ಟಲೆ ದಿನಾ ಕುಡಿದವನಿಗೆ ಕೊನೆಯ ಗುಟುಕಿನ ಆರೆಂಟು ಗಂಟೆಗೆ ಕೈ ನಡುಗುತ್ತದೆ, ಬೆವರು ಕಿತ್ತು ಬರುತ್ತದೆ. ಒಂದೆರಡು ದಿನದೊಳಗೆ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ಹೊತ್ತಿಗೆ ಸನ್ನಿ ಹಿಡಿಯಬಹುದು. ಇಲ್ಲದ ಹುಳ ಹರಿದಂತೆ ಕಾಣುತ್ತದೆ, ಯಾರೋ ಹೊಡೆಯೋಕೆ ಬಂದಂಗೆ ಕೂಗಾಡುತ್ತಾನೆ, ಜ್ವರ ಏರುತ್ತದೆ. ಚಿಕಿತ್ಸೆ ಇಲ್ಲದಿದ್ದರೆ ಸತ್ತೂ ಹೋಗುತ್ತಾನೆ. ಚಿಕಿತ್ಸೆ ಅಂದರೆ ದೊಡ್ಡ ಬ್ರಹ್ಮವಿದ್ಯೆಯೇನಲ್ಲ. ಡಯಜೆಪಾಮ್ ಜಾತಿಯ ಮಾತ್ರೆ ಲೆಕ್ಕದಲ್ಲಿ ಕೊಟ್ಟು ದಿನದಿನಕ್ಕೆ ಇಳಿಸುವುದು, ಬಿ1 ವಿಟಮಿನ್ ಇಂಜೆಕ್ಷನ್, ನೀರು, ಅನ್ನ, ಪಕ್ಕದಲ್ಲಿ ಒಬ್ಬ ನರ್ಸು. ತಾಲೂಕು ಆಸ್ಪತ್ರೆಯಲ್ಲೂ ಆಗುವ ಕೆಲಸ. ಹೆರಾಯಿನ್ ಥರದ ಅಫೀಮಿನ ಪುಡಿಗೆ ಬಿದ್ದವನದು ಬೇರೆ ರೀತಿ. ಎಂಟು ಹತ್ತು ಗಂಟೆಗೆ ಮೂಗು ಕಣ್ಣು ಸೋರುತ್ತದೆ, ಮೂಳೆ ಮೂಳೆ ನೋವು, ವಾಂತಿ, ಭೇದಿ. ಎರಡು ಮೂರನೇ ದಿನ ವಿಪರೀತ. ಸಾಮಾನ್ಯವಾಗಿ ವಾರದಲ್ಲಿ ಇಳಿಯುತ್ತದೆ. ಇದೆಲ್ಲ ನಡೆಯೋದು ಎಲ್ಲಿ? ಲಾಕಪ್ಪಿನಲ್ಲಿ, ಕಾಲೋನಿಯ ಶೆಡ್ಡಿನಲ್ಲಿ, ಜೈಲಿನ ಮೊದಲ ವಾರದಲ್ಲಿ. ಅಲ್ಲಿ ಇದಕ್ಕೆ ಇರುವ ಹೆಸರು ಒಂದೇ: ನಾಟಕ. “ಏಯ್, ನಾಟಕ ಮಾಡ್ಬೇಡ.” ಹಾಗೆ ಅಂದವರು ಕೆಟ್ಟವರು ಅಂತಲೇ ಹೇಳಲಾರೆವು. ಅವರಿಗೆ ಯಾರೂ ಕಲಿಸಿಲ್ಲ.

2010ರ ಆಗಸ್ಟಿನಲ್ಲಿ ಆ ಕಾಲೋನಿಯಲ್ಲಿ ಕೆಲವೇ ದಿನಗಳಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಆ ವರ್ಷದ ಮೊದಲ ತಿಂಗಳಿನಿಂದ ಲೆಕ್ಕ ಹಾಕಿದಾಗ ನೂರಕ್ಕೂ ಹೆಚ್ಚು ಸಾವುಗಳು ಹೊರಬಿದ್ದವು. ಪತ್ರಿಕೆಗಳು ಬರೆದವು, ಮಂತ್ರಿಗಳು ಬಂದರು, ವಿಧಾನಸಭೆಯಲ್ಲಿ ಗದ್ದಲ ಆಯಿತು. ವಾಂತಿಭೇದಿ, ಊಟ, ನೀರು ಅಂತೆಲ್ಲ ಚರ್ಚೆ ನಡೆಯಿತು. ನೂರು ಜನ ಸತ್ತದ್ದು ಗೊತ್ತಾಗೋದಕ್ಕೆ ಎಂಟು ತಿಂಗಳು ಹಿಡಿಯಿತು ಅನ್ನೋದೇ ನಮಗೆ ಎಲ್ಲಕ್ಕಿಂತ ದೊಡ್ಡ ಸುದ್ದಿ.

*

ಇನ್ನು ಹೆಂಡದ ಮಾತು. ಅದನ್ನು ಬಿಟ್ಟು ಮಾದಕ ವಸ್ತುವಿನ ಚರಿತ್ರೆ ಬರೆಯುವುದು ಮೇಲ್ಜಾತಿ ಮಧ್ಯಮವರ್ಗದ ಚಾಳಿ. ಅವರ ಮಕ್ಕಳು ಪುಡಿಗೆ ಬಿದ್ದಾಗ ಅದು ಸಾಮಾಜಿಕ ಪಿಡುಗು. ನಮ್ಮ ಹಟ್ಟಿಗಳು ನೂರು ವರ್ಷ ಹೆಂಡದಲ್ಲಿ ಮುಳುಗಿದಾಗ ಅದು ಅಬ್ಕಾರಿ ಆದಾಯ. ಮೈಸೂರು ಸಂಸ್ಥಾನದ ದೊಡ್ಡ ಆದಾಯಗಳಲ್ಲಿ ಅಬ್ಕಾರಿ ಒಂದಾಗಿತ್ತು. ಅದಕ್ಕೂ ಹಿಂದೆ 1787ರಲ್ಲಿ ಟಿಪ್ಪು ಸುಲ್ತಾನ ಮದ್ಯ ನಿಲ್ಲಿಸಲು ಹೊರಟಾಗ ಅಡ್ಡ ಬಂದದ್ದೂ ಖಜಾನೆಯ ಲೆಕ್ಕವೇ. ಏಕೀಕರಣದ ಮೇಲೆ ರಾಜ್ಯದಲ್ಲಿ ಪಾನನಿಷೇಧ ಇತ್ತು. 1967ರಲ್ಲಿ ತೆಗೆದರು. ಸಾರಾಯಿ ಗುತ್ತಿಗೆದಾರರು ರಾಜಕೀಯದ ಯಜಮಾನರಾದ ಕಥೆ ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾಗಿಲ್ಲ.

ನಮ್ಮ ಚಳವಳಿಯೊಳಗೇ ಈ ವಿಷಯಕ್ಕೆ ಎರಡು ಮುಖ ಇವೆ. 1951ರ ಚುನಾವಣೆಗೆ ಬಾಬಾಸಾಹೇಬರ ಪರಿಶಿಷ್ಟ ಜಾತಿಗಳ ಒಕ್ಕೂಟ ಹೊರಡಿಸಿದ ಪ್ರಣಾಳಿಕೆ ಪಾನನಿಷೇಧವನ್ನು ಕಡಾಖಂಡಿತವಾಗಿ ವಿರೋಧಿಸಿತು. ನಿಷೇಧದಿಂದ ಬೊಕ್ಕಸ ಬರಿದಾಗುತ್ತದೆ, ಕಳ್ಳಬಟ್ಟಿ ಮನೆಮನೆಯ ಕಸುಬಾಗುತ್ತದೆ ಅನ್ನೋದು ಅವರ ವಾದ. ಮೂವತ್ತು ವರ್ಷದ ನಂತರ ದಲಿತ ಸಂಘರ್ಷ ಸಮಿತಿ ‘ಹೆಂಡ ಬೇಡ, ಹೋಬಳಿಗೊಂದು ವಸತಿ ಶಾಲೆ ಬೇಕು’ ಅಂತ ಊರೂರಲ್ಲಿ ಕೂಗಿತು. ಎರಡನ್ನೂ ಎದುರುಬದುರು ನಿಲ್ಲಿಸಿ ಜಗಳ ಹಚ್ಚುವವರು ಇದ್ದಾರೆ. ನಮಗೆ ಹಾಗೆ ಕಾಣುವುದಿಲ್ಲ. ಬಾಬಾಸಾಹೇಬರು ಹೇಳಿದ್ದು ಪೊಲೀಸಿನ ಕೈಗೆ ಕುಡಿತವನ್ನು ಕೊಟ್ಟರೆ ಏನಾಗುತ್ತದೆ ಅಂತ. ಸಮಿತಿ ಕೇಳಿದ್ದು ಹೆಂಡದ ದುಡ್ಡು ಯಾರ ಮಕ್ಕಳ ಓದಿಗೆ ಹೋಗಬೇಕು ಅಂತ. ಕುಡಿದವನನ್ನು ಹಿಡಿದು ಜೈಲಿಗೆ ಹಾಕಿ ಅಂತ ಇಬ್ಬರೂ ಹೇಳಲಿಲ್ಲ.

1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷದ ಸಾರಾಯಿ ಕುಡಿದು 300ಕ್ಕೂ ಹೆಚ್ಚು ಜನ ಸತ್ತರು. ಮೆಥೈಲ್ ಆಲ್ಕೋಹಾಲ್ ಬೆರೆತಿತ್ತು. ಸತ್ತವರು ಕೂಲಿಯವರು, ಸ್ಲಮ್ಮಿನವರು. 2007ರ ಜುಲೈ 1ಕ್ಕೆ ಸಾರಾಯಿ ನಿಷೇಧ ಆಯಿತು. ಹೆಂಗಸರು ಸಂತೋಷಪಟ್ಟರು, ಅದು ನ್ಯಾಯವಾದದ್ದೇ. ಆದರೆ ಚಟ ಹಿಡಿದ ಮೈಗೆ ಚಿಕಿತ್ಸೆ ಎಲ್ಲಿ ಅಂತ ಆವತ್ತು ಯಾರೂ ಕೇಳಲಿಲ್ಲ. ಪ್ಯಾಕೆಟ್ಟು ಹೋಯಿತು, ಚಟ ಹೋಗಲಿಲ್ಲ. 2008ರ ಮೇ ತಿಂಗಳಲ್ಲಿ ಬೆಂಗಳೂರು, ಕೋಲಾರದ ಕಡೆಗಳಲ್ಲೂ ಗಡಿಯಾಚೆ ತಮಿಳುನಾಡಿನಲ್ಲೂ ಕಳ್ಳಸಾರಾಯಿಗೆ ನೂರಕ್ಕೂ ಹೆಚ್ಚು ಬಡವರು ಬಲಿಯಾದರು. ಇತ್ತ ಸರ್ಕಾರ 2025-26ರ ಬಜೆಟ್ಟಿನಲ್ಲಿ ಅಬ್ಕಾರಿಯಿಂದ 40,000 ಕೋಟಿ ರೂಪಾಯಿ ಬರಬೇಕು ಅಂತ ಗುರಿ ಇಟ್ಟಿತು. ದೇಶದ ಮಟ್ಟದಲ್ಲಿ ಏಮ್ಸ್‌ನವರು 2019ರಲ್ಲಿ ಕೊಟ್ಟ ಸಮೀಕ್ಷೆ ಹೇಳುವ ಪ್ರಕಾರ ಕುಡಿತದ ದಾಸರಾದ 38 ಜನರಲ್ಲಿ ಒಬ್ಬನಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಗುತ್ತದೆ. ಆಸ್ಪತ್ರೆಯ ಮಂಚ ಸಿಗೋದು 180ರಲ್ಲಿ ಒಬ್ಬನಿಗೆ.

*

ಈಗ 1985. ಮಾದಕ ವಸ್ತುಗಳ ಕಾಯಿದೆಗೆ, ಜನ ಎನ್‌ಡಿಪಿಎಸ್ ಅನ್ನುವ ಕಾಯಿದೆಗೆ, ಸೆಪ್ಟೆಂಬರ್ 16ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ಜಾರಿಗೆ ಬಂದದ್ದು ನವೆಂಬರ್ 14ಕ್ಕೆ. ಮಕ್ಕಳ ದಿನಾಚರಣೆ! 1961ರ ವಿಶ್ವಸಂಸ್ಥೆಯ ಒಪ್ಪಂದಕ್ಕೆ ಸಹಿ ಹಾಕುವಾಗ ಇಂಡಿಯಾ ಗಾಂಜಾದ ವಿಷಯದಲ್ಲಿ 25 ವರ್ಷದ ಗಡುವು ಕೇಳಿಕೊಂಡಿತ್ತು. ಗಡುವು ಮುಗಿಯುವ ಹೊತ್ತಿಗೆ ಅಮೆರಿಕೆಯಲ್ಲಿ ಡ್ರಗ್ಸ್ ಮೇಲೆ ಯುದ್ಧ ಅನ್ನುವ ಗಾಳಿ ಜೋರಾಗಿತ್ತು. ನಮ್ಮ ಕಾಯಿದೆ ಅದರ ಕೂಸು. ಮೂಲ ಕಾಯಿದೆಯಲ್ಲಿ ಹೆರಾಯಿನ್ ಥರದ ವಸ್ತು ಸಿಕ್ಕರೆ ಕನಿಷ್ಠ 10 ವರ್ಷ. ಇದು ಮಾರಾಟಕ್ಕಲ್ಲ, ನಾನು ಸೇದೋಕೆ ಇಟ್ಟುಕೊಂಡದ್ದು ಅಂತ ಸಾಬೀತು ಮಾಡುವ ಹೊಣೆ ಸಿಕ್ಕಿಬಿದ್ದವನ ಮೇಲೆಯೇ. ಅಕ್ಷರ ಬಾರದ, ವಕೀಲನಿಲ್ಲದ, ಮೈ ನಡುಗುತ್ತಿರುವ ಹುಡುಗ ಸಾಬೀತು ಮಾಡಬೇಕು! 1989ರಲ್ಲಿ ಕೆಲವು ಅಪರಾಧಗಳಿಗೆ ಮರಣದಂಡನೆಯನ್ನೂ ಸೇರಿಸಿದರು. ಸಣ್ಣ ಪ್ರಮಾಣ, ವಾಣಿಜ್ಯ ಪ್ರಮಾಣ ಅಂತ ಮೆಟ್ಟಿಲು ಮಾಡಿದ್ದು 2001ರ ತಿದ್ದುಪಡಿಯಲ್ಲಿ. ಅದು ಜಾರಿಗೆ ಬಂದದ್ದು ಅಕ್ಟೋಬರ್ 2ಕ್ಕೆ. ತಾರೀಖು ಆರಿಸುವುದರಲ್ಲಿ ನಮ್ಮವರನ್ನು ಮೀರಿಸುವವರಿಲ್ಲ. ಈ ಲೆಕ್ಕದಲ್ಲಿ ಗಾಂಜಾ ಒಂದು ಕಿಲೋ ತನಕ ಸಣ್ಣ ಪ್ರಮಾಣ, 20 ಕಿಲೋ ವಾಣಿಜ್ಯ. ಹೆರಾಯಿನ್ 5 ಗ್ರಾಮು ಮತ್ತು 250 ಗ್ರಾಮು.

ಇದೇ ಕಾಯಿದೆಯ ಹೊಟ್ಟೆಯೊಳಗೆ ಚಿಕಿತ್ಸೆಯ ಎರಡು ಬಾಗಿಲುಗಳೂ ಇವೆ. ಒಂದು 39ನೇ ಕಲಮು. ಸೇವನೆಯ ಅಪರಾಧಕ್ಕೋ ಸಣ್ಣ ಪ್ರಮಾಣದ ಅಪರಾಧಕ್ಕೋ ತಪ್ಪಿತಸ್ಥ ಅಂತ ತೀರ್ಮಾನವಾದವನು ಚಟಕ್ಕೆ ಬಿದ್ದವನಾಗಿದ್ದರೆ, ಕೋರ್ಟು ತಕ್ಷಣ ಶಿಕ್ಷೆ ಹಾಕದೆ, ಅವನ ಒಪ್ಪಿಗೆ ಪಡೆದು, ಮುಚ್ಚಳಿಕೆ ಬರೆಸಿಕೊಂಡು, ಸರ್ಕಾರದ ಅಥವಾ ಸರ್ಕಾರ ಮಾನ್ಯ ಮಾಡಿದ ಆಸ್ಪತ್ರೆಗೆ ಚಿಕಿತ್ಸೆಗೆ ಬಿಡಬಹುದು. ಒಂದು ವರ್ಷದೊಳಗೆ ಚಿಕಿತ್ಸೆಯ ವರದಿ ತಂದು ತೋರಿಸಬೇಕು. ಇನ್ನೊಂದು 1989ರಲ್ಲಿ ಸೇರಿಸಿದ 64ಎ ಕಲಮು. ಅಂಥದೇ ಆರೋಪ ಇರುವವನು ತಾನಾಗಿ ಮುಂದೆ ಬಂದು ಚಿಕಿತ್ಸೆ ಪಡೆದರೆ ಅವನ ಮೇಲೆ ಮೊಕದ್ದಮೆಯೇ ನಡೆಯಕೂಡದು. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗುತ್ತದೆ.

ಓದೋಕೆ ಚೆನ್ನಾಗಿದೆ. ಆದರೆ 39ನೇ ಕಲಮಿನ ಬಾಗಿಲಲ್ಲಿ ನಿಂತಿರುವ ಮಾತುಗಳನ್ನು ನೋಡಿ. ಕೋರ್ಟು ಅವನ ವಯಸ್ಸು, ನಡತೆ, ಪೂರ್ವಾಪರ, ದೈಹಿಕ ಮಾನಸಿಕ ಸ್ಥಿತಿ ನೋಡಬೇಕಂತೆ. ಯಾರ ನಡತೆ? ಯಾರ ಪೂರ್ವಾಪರ? ಕಾಲೇಜಿನ ಹುಡುಗನಿಗೆ ಪ್ರಿನ್ಸಿಪಾಲರ ಸರ್ಟಿಫಿಕೇಟು ಇದೆ, ಅಪ್ಪನ ಆಫೀಸಿದೆ, ಖಾಸಗಿ ಆಸ್ಪತ್ರೆಯ ಡಾಕ್ಟರ ಚೀಟಿ ಇದೆ. ಅವನ ಪೂರ್ವಾಪರ ಚೊಕ್ಕ. ಹಳೇ ಕೇಸುಗಳಿಗೆ ಹೆಸರು ಬೇಕಾದಾಗಲೆಲ್ಲ ಠಾಣೆಗೆ ಎಳೆದು ತಂದು ಕೂರಿಸಿದ ಚಿಂದಿ ಆಯುವ ಹುಡುಗನ ಪೂರ್ವಾಪರ ಎಲ್ಲಿದೆ? ಅದೇ ಠಾಣೆಯ ರಿಜಿಸ್ಟರಿನಲ್ಲಿದೆ. ಗಂಟಿಚೋರನನ್ನು ಹುಟ್ಟಿನಿಂದ ಕಳ್ಳ ಅಂತ ಬರೆದುಕೊಂಡ ರಿಜಿಸ್ಟರಿನ ಮರಿಮಗ ಅದು. ಮುಚ್ಚಳಿಕೆಗೆ ಜಾಮೀನುದಾರ ಬೇಕಾಗಬಹುದು. ಜಾಮೀನುದಾರನಿಗೆ ಪಹಣಿಯೋ ಖಾತೆಯೋ ಬೇಕು. ನೆಲವೇ ಇಲ್ಲದವರಿಗೆ ಪಹಣಿ ತಾ ಅಂದರೆ ಎಲ್ಲಿಂದ ತರೋದು? ಇಷ್ಟೆಲ್ಲ ಆಗೋದು ತಪ್ಪಿತಸ್ಥ ಅಂತ ತೀರ್ಪು ಬಂದಮೇಲೆ. ದೇಶದ ಜೈಲುಗಳಲ್ಲಿರುವವರಲ್ಲಿ ಸುಮಾರು ಮುಕ್ಕಾಲು ಪಾಲು ತೀರ್ಪೇ ಬರದ ವಿಚಾರಣಾಧೀನರು. ಅವರಿಗೆ 39ರ ಬಾಗಿಲು ಕಾಣೋದೇ ಇಲ್ಲ.

ತಾಯಿಯೊಬ್ಬಳು ಠಾಣೆಗೆ ಬಂದು “ಸ್ವಾಮಿ, ನನ್ನ ಮಗನಿಗೆ ಡಾಕ್ಟ್ರು ಬೇಕು” ಅಂತಾಳೆ. “ಜಡ್ಜ್ ಸಾಹೇಬರ ಮುಂದೆ ಹೇಳಮ್ಮ” ಅಂತಾರೆ. ಕೋರ್ಟಿನಲ್ಲಿ ಅವಳು ಹೊರಗಿನ ಬೆಂಚಿನ ಮೇಲೆ. ಮಗ ಒಳಗೆ, ಎರಡು ನಿಮಿಷ. ಇದು ಒಂದು ಠಾಣೆಯ, ಒಂದು ಕೋರ್ಟಿನ ಕಥೆಯಲ್ಲ. ಯಾವ ಊರಿನ ಓದುಗರಾದರೂ ತಮ್ಮ ತಾಲೂಕಿನ ಹೆಸರು ಹಾಕಿಕೊಂಡು ಓದಿಕೊಳ್ಳಬಹುದು.

*

ಬೆಂಗಳೂರಿನ ಹಳೇ ಸೆಂಟ್ರಲ್ ಜೈಲು 19ನೇ ಶತಮಾನದ್ದು. ತುರ್ತುಪರಿಸ್ಥಿತಿಯಲ್ಲಿ ಸ್ನೇಹಲತಾ ರೆಡ್ಡಿಯವರನ್ನು ಕೊಳೆಹಾಕಿದ್ದು ಅಲ್ಲೇ. ಆ ಜೈಲು 2000ದಲ್ಲಿ ಪರಪ್ಪನ ಅಗ್ರಹಾರಕ್ಕೆ ಹೋಯಿತು. ಹಳೆಯ ಜಾಗ 2008ರಲ್ಲಿ ಫ್ರೀಡಂ ಪಾರ್ಕ್ ಆಯಿತು. ಇರ್ವಿಂಗ್ ಸ್ಮಿತ್ ಶುರು ಮಾಡಿದ ಹುಚ್ಚಾಸ್ಪತ್ರೆ 1937ರ ಹೊತ್ತಿಗೆ ಹೊಸೂರು ರಸ್ತೆಯ ಕಡೆಗೆ ಹೋಗಿ, 1974ರಲ್ಲಿ ನಿಮ್ಹಾನ್ಸ್ ಆಯಿತು. ತೊಂಬತ್ತರ ದಶಕದಲ್ಲಿ ಅಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಬೆಳೆಯಿತು. ಜೈಲು, ಆಸ್ಪತ್ರೆ ಎರಡೂ ಊರಿನ ಆ ಕಡೆಗೆ. ಅವೆರಡರ ಮಧ್ಯೆ ಇರುವ ದಾರಿ ದೊಡ್ಡದೇನಲ್ಲ. ಆದರೆ ಆ ಚಿಕ್ಕ ದಾರಿಯನ್ನು ದಾಟೋದಕ್ಕೆ ದಶಕಗಳೇ ಬೇಕಾದವು.

ದಾಟಿದ ಒಂದು ಸಂದರ್ಭವನ್ನು ಇಲ್ಲಿ ಗೌರವದಿಂದ ದಾಖಲಿಸಬೇಕು. ನಿಮ್ಹಾನ್ಸ್‌ನ ಸುರೇಶ್ ಬಡಾ ಮಠ್, ಪ್ರತಿಮಾ ಮೂರ್ತಿ ಮತ್ತು ಸಂಗಡಿಗರು ಪರಪ್ಪನ ಅಗ್ರಹಾರದ 5024 ಬಂದಿಗಳನ್ನು ಪರೀಕ್ಷೆ ಮಾಡಿ 2011ರಲ್ಲಿ ವರದಿ ಹೊರತಂದರು. ಅದರ ಪ್ರಕಾರ ನೂರಕ್ಕೆ 79.6 ಜನರಿಗೆ ಮಾನಸಿಕ ಕಾಯಿಲೆಯೋ ವ್ಯಸನದ ತೊಂದರೆಯೋ ಇತ್ತು. ವ್ಯಸನವನ್ನು ಪಕ್ಕಕ್ಕಿಟ್ಟರೆ ಉಳಿಯುವುದು 27.6. ಅಂದರೆ ಆ ಜೈಲಿನ ಅರ್ಧಕ್ಕೂ ಹೆಚ್ಚು ಜನರಲ್ಲಿ ಕಂಡದ್ದು ಬರೀ ವ್ಯಸನ. ತಂಬಾಕನ್ನೂ ಸೇರಿಸಿದ ಲೆಕ್ಕ ಇದು ಅನ್ನೋದನ್ನ ಮರೆಯಬಾರದು. ಆದರೂ 1892ರ ಪೊಲೀಸ್ ಚೀಟಿಗೂ ಇದಕ್ಕೂ ಇರುವ ಅಂತರ ನೋಡಿ. ಇಲ್ಲಿ ಮೊದಲ ಸಲ ಕಾಲಂ ತುಂಬಿದವರು ಬಂದಿಯ ಎದುರಿಗೆ ಕೂತು ಅವನನ್ನೇ ಕೇಳಿ ತುಂಬಿದರು. ಜೈಲಿಗೆ ಬಂದ ಕೂಡಲೇ ಪ್ರತಿಯೊಬ್ಬನನ್ನೂ ತಪಾಸಣೆ ಮಾಡಬೇಕು, ಚಟ ನಿಂತಾಗಿನ ಸಂಕಟಕ್ಕೆ ಮದ್ದು ಕೊಡಬೇಕು ಅನ್ನೋದು ಅವರು ಮುಂದಿಟ್ಟ ಮಾತು.

ಜೈಲಿಗೆ ಹಾಕಿದರೆ ಚಟ ಬಿಡುತ್ತದೆ ಅಂತ ನಂಬುವ ಸಜ್ಜನರು ಇನ್ನೊಂದು ಲೆಕ್ಕವನ್ನೂ ಓದಬೇಕು. 2017ರ ಜುಲೈನಲ್ಲಿ ಆಗಿನ ಕಾರಾಗೃಹ ಡಿಐಜಿ ಡಿ. ರೂಪಾ ಅವರ ವರದಿ ಹೊರಬಂತು. ಪರಪ್ಪನ ಅಗ್ರಹಾರದ 25 ಬಂದಿಗಳನ್ನು ಪರೀಕ್ಷೆ ಮಾಡಿಸಿದಾಗ 18 ಜನರ ಮೈಯಲ್ಲಿ ಗಾಂಜಾದ ಗುರುತು ಸಿಕ್ಕಿತ್ತು. ಹೊರಗೆ ಗಾಂಜಾ ಇಟ್ಟುಕೊಂಡದ್ದಕ್ಕೆ ಹಿಡಿದು, ಗಾಂಜಾ ಸಿಗುವ ಜಾಗಕ್ಕೇ ಕಳಿಸುವುದು!

ಹೊರದೇಶಗಳು ಈ ಹಾದಿಯನ್ನು ನಮಗಿಂತ ಮುಂಚೆ ತುಳಿದು ಎಡವಿವೆ. ಅಮೆರಿಕ 1935ರಲ್ಲಿ ಕೆಂಟಕಿಯ ಲೆಕ್ಸಿಂಗ್‌ಟನ್ನಿನಲ್ಲಿ ಜೈಲೂ ಆಸ್ಪತ್ರೆಯೂ ಒಂದೇ ಆದ ದೊಡ್ಡ ಸಂಸ್ಥೆ ಕಟ್ಟಿತು. ತೋಟದ ಕೆಲಸ, ಸಂಗೀತ, ಡಾಕ್ಟರು ಎಲ್ಲ ಇತ್ತು. ಹೊರಗೆ ಬಂದವರಲ್ಲಿ ಬಹುಪಾಲು ಜನ ಮತ್ತೆ ಅದಕ್ಕೇ ಬಿದ್ದರು. ಹಳೇ ಬೀದಿ ಹಾಗೇ ಇತ್ತಲ್ಲ. ಚಟಕ್ಕೆ ಬಿದ್ದಿರುವುದೇ ಅಪರಾಧ ಅನ್ನಲಾಗದು ಅಂತ ಅಲ್ಲಿನ ಸುಪ್ರೀಂ ಕೋರ್ಟು 1962ರಲ್ಲಿ ಹೇಳಿತು. ನ್ಯೂಯಾರ್ಕಿನ ಡಾ. ಡೋಲ್ 1969ರಲ್ಲಿ ಜೈಲಿನಿಂದ ಬಿಡುಗಡೆಯಾಗುವ ಮುಂಚೆಯೇ ಹೆರಾಯಿನ್ ವ್ಯಸನಿಗಳಿಗೆ ಮೆಥಡೋನ್ ಶುರು ಮಾಡಿ ತೋರಿಸಿದರು. ಮದ್ದು ಸಿಗದವರು ಬಹುತೇಕ ಎಲ್ಲರೂ ಮತ್ತೆ ಜೈಲಿಗೆ ಬಂದರು, ಸಿಕ್ಕವರಲ್ಲಿ ಬಂದವರು ಕಡಿಮೆ. ನಮ್ಮ ದೇಶದಲ್ಲಿ ಇಂಥ ಮದ್ದು, ಬುಪ್ರೆನಾರ್ಫಿನ್, ಜೈಲಿನೊಳಗೆ ಮೊದಲು ಸಿಕ್ಕಿದ್ದು 2008ರಲ್ಲಿ, ದೆಹಲಿಯ ತಿಹಾರದಲ್ಲಿ.

ಬಿಡುಗಡೆಯ ದಿನದ ಬಗ್ಗೆ ಒಂದು ಮಾತು ಹೇಳಲೇಬೇಕು. ತಿಂಗಳುಗಟ್ಟಲೆ ಪುಡಿ ಮುಟ್ಟದೆ ಇದ್ದವನ ಮೈ ಅದನ್ನು ತಡಕೊಳ್ಳುವ ಶಕ್ತಿ ಕಳಕೊಂಡಿರುತ್ತದೆ. ಹೊರಗೆ ಬಂದು ಹಳೇ ಲೆಕ್ಕದಲ್ಲೇ ತೆಗೆದುಕೊಂಡರೆ ಉಸಿರು ನಿಲ್ಲುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಬಿಡುಗಡೆಯಾದ ಬಂದಿಗಳನ್ನು ಲೆಕ್ಕ ಹಾಕಿ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ವಾರದಲ್ಲಿ ಮಾದಕ ವಸ್ತು ಮಿತಿಮೀರಿ ಸಾಯುವ ಅಪಾಯ ಉಳಿದ ಜನರಿಗಿಂತ 129 ಪಟ್ಟು ಹೆಚ್ಚಿತ್ತು. ಆದ್ದರಿಂದ ಮಗ ಬಿಡುಗಡೆಯಾಗಿ ಬಂದ ಅಂತ ಹಬ್ಬ ಮಾಡುವ ಮನೆಯವರಿಗೆ, ಆ ಹದಿನೈದು ದಿನ ಅವನನ್ನು ಒಬ್ಬನೇ ಬಿಡಬೇಡಿ ಅಂತ ಯಾರಾದರೂ ಹೇಳಬೇಕು. ಜೈಲಿನ ಗೇಟಿನಲ್ಲಿ ಹೇಳುವವರಿಲ್ಲದಿದ್ದರೆ ಮೇಷ್ಟ್ರು ಹೇಳಲಿ, ಸಂಘದ ಹುಡುಗರು ಹೇಳಲಿ.

2017ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆ 2018ರಲ್ಲಿ ಜಾರಿಗೆ ಬಂತು. ಮದ್ಯ ಮತ್ತು ಮಾದಕ ವಸ್ತುಗಳಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಅದು ಮಾನಸಿಕ ಕಾಯಿಲೆ ಅಂತಲೇ ಒಪ್ಪಿಕೊಂಡಿದೆ. ಚಿಕಿತ್ಸೆ ಹಕ್ಕು ಅಂತ ಹೇಳುತ್ತದೆ. ಅದರ 103ನೇ ಕಲಮಿನ ಪ್ರಕಾರ ಪ್ರತಿ ರಾಜ್ಯದಲ್ಲೂ ಕನಿಷ್ಠ ಒಂದು ಜೈಲಿನ ವೈದ್ಯಕೀಯ ವಿಭಾಗದಲ್ಲಿ ಮಾನಸಿಕ ಆರೋಗ್ಯದ ಘಟಕ ಇರಬೇಕು. ಹಾಗಾದರೆ ಒಂದೇ ಹುಡುಗ 2017ರ ಕಾಯಿದೆಯಲ್ಲಿ ಹಕ್ಕುಳ್ಳ ರೋಗಿ, 1985ರ ಕಾಯಿದೆಯಲ್ಲಿ ಅಪರಾಧಿ, 1975ರ ಕಾಯಿದೆಯಲ್ಲಿ ಭಿಕ್ಷುಕ. ಅವನು ಯಾವುದಾಗುತ್ತಾನೆ ಅನ್ನೋದು ಯಾವ ಗಾಡಿ ಮೊದಲು ಬಂತು ಅನ್ನುವುದರ ಮೇಲೆ ನಿಂತಿದೆ.

ಹೀಗಿರುವಾಗ ಸದ್ಯಕ್ಕೆ ಕೈಗೆ ಸಿಗುವ ಕೆಲಸ ಒಂದಿದೆ, ಅದನ್ನು ಬರೆದು ಮುಗಿಸುತ್ತೇವೆ. ನಿಮ್ಮ ಊರಿನ, ಕೇರಿಯ ಹುಡುಗ ಸೇವನೆಯ ಕೇಸಿನಲ್ಲೋ ಸಣ್ಣ ಪ್ರಮಾಣದ ಕೇಸಿನಲ್ಲೋ ಸಿಕ್ಕಿಬಿದ್ದರೆ, ಅವನಿಗೆ ಚಟ ಇದ್ದರೆ, ತೀರ್ಪಿನ ತನಕ ಕಾಯಬೇಡಿ. ಪರಿಶಿಷ್ಟ ಜಾತಿ ಪಂಗಡದವರಿಗೂ, ಹೆಂಗಸರಿಗೂ, ಬಂಧನದಲ್ಲಿರುವ ಯಾರಿಗೇ ಆದರೂ 1987ರ ಕಾನೂನು ಸೇವೆಗಳ ಕಾಯಿದೆಯಲ್ಲಿ ಪುಕ್ಕಟೆ ವಕೀಲರು ಸಿಗುತ್ತಾರೆ. ತಾಲೂಕು ಕೋರ್ಟಿನಲ್ಲೇ ಅದರ ಆಫೀಸು ಇರುತ್ತದೆ. ಮೊದಲ ಸಲ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಿದಾಗಲೇ ಇವನಿಗೆ ವ್ಯಸನ ಇದೆ, ವೈದ್ಯರಿಗೆ ತೋರಿಸಬೇಕು ಅಂತ ವಕೀಲರಿಂದ ಬಾಯಿಬಿಟ್ಟು ಹೇಳಿಸಿ, ಬರಹದಲ್ಲೂ ಕೊಡಿಸಿ. ಎಷ್ಟು ವರ್ಷದಿಂದ, ದಿನಕ್ಕೆ ಎಷ್ಟು, ಕೊನೆಯ ಸಲ ತೆಗೆದುಕೊಂಡದ್ದು ಯಾವಾಗ, ಹಿಂದೆ ಫಿಟ್ಸ್ ಬಂದಿತ್ತೇ ಅನ್ನೋದನ್ನ ಆ ಕಾಗದದಲ್ಲಿ ಸೇರಿಸಿ. ಜೈಲಿನ ಡಾಕ್ಟರಿಗೆ ಮೊದಲು ಬೇಕಾಗುವುದು ಅದೇ. ಸರ್ಕಾರಿ ಆಸ್ಪತ್ರೆಯಲ್ಲಿ ಹಿಂದೆ ತೋರಿಸಿದ ಒಂದು ಹಳೇ ಚೀಟಿ ಇದ್ದರೂ ಜೋಪಾನ ಮಾಡಿ. 64ಎ ಕಲಮಿನ ಕೆಳಗೆ ಅರ್ಜಿ ಹಾಕುವಾಗ ಆ ಚೀಟಿಯನ್ನೂ ಅರ್ಜಿಯ ಜೊತೆ ಲಗತ್ತಿಸಬೇಕು.